ಕೆಡವಿ ಕಟ್ಟಿದ್ದು ದೇವರಾಜ ಮಾರುಕಟ್ಟೆಯಾಗದು

ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಹಳೆಯದೇನು ಉಳಿದಿದೆ ಎಂದು ತಿಳಿಯಬೇಕಾದರೆ ತಲೆ ಎತ್ತಿ ನಡೆಯಬೇಕು. ಕಣ್ಣಿನ ಮಟ್ಟದಲ್ಲೆಲ್ಲ ಫ್ಲೆಕ್ಸು, ಗಾಜು. ಆಯುರ್ವೇದ ಕಾಲೇಜಿನಿಂದ ಕೆ.ಆರ್. ವೃತ್ತದತ್ತ ಬಂದರೆ ಬಲಕ್ಕೆ ದೇವರಾಜ ಮಾರುಕಟ್ಟೆ, ಅದರ ದಕ್ಷಿಣದ ತುದಿಗೆ ಡಫರಿನ್ ಹೆಸರಿನ ಚಿಕ್ಕ ಗಡಿಯಾರ, ಇನ್ನೊಂದಿಷ್ಟು ದೂರದಲ್ಲಿ 1892ರ ಲ್ಯಾನ್ಸ್‌ಡೌನ್ ಕಟ್ಟಡ. ಅಂಬಾರಿ ಸಾಗುವ ದಾರಿಯ ಈ ಸಾಲಿನಿಂದ ಮಾರುಕಟ್ಟೆಯನ್ನೂ ಲ್ಯಾನ್ಸ್‌ಡೌನನ್ನೂ ಕೆಡವಿ, 'ಅದೇ ಮಾದರಿಯಲ್ಲಿ' ಮತ್ತೆ ಕಟ್ಟುತ್ತೇವೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಕೆಡವಬೇಕೆನ್ನುವವರ ಭಯ ಸುಳ್ಳಲ್ಲ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಉತ್ತರ ದ್ವಾರ ಬಿತ್ತು, ಅದೂ ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ. ಆದರೆ ಈ ಸಾವುಗಳ ಹೊಣೆಯನ್ನು ಕಟ್ಟಡದ ವಯಸ್ಸಿನ ಮೇಲೆ ಹೊರಿಸುವುದು ಅನ್ಯಾಯ. ಸುಣ್ಣದ ಗಾರೆಯ ಗೋಡೆ ಹೀರಿದ ತೇವವನ್ನು ಮತ್ತೆ ಹೊರಗೆ ಬಿಡಬೇಕು. ಅದರ ಮೇಲೆ ಸಿಮೆಂಟು ಮೆತ್ತಿದರೆ ನೀರು ಒಳಗೇ ನಿಂತು ಗಾರೆ ಪುಡಿಯಾಗುತ್ತದೆ. ಚಾವಣಿಯಲ್ಲಿ ಮಳೆನೀರು ನಿಂತರೆ ತೊಲೆಯ ತುದಿ ಕೊಳೆಯುತ್ತದೆ. ಬಿರುಕಿನಲ್ಲಿ ಅರಳಿ ಬೇರು ಬಿಟ್ಟರೆ ಇಟ್ಟಿಗೆ ಸಡಿಲವಾಗುತ್ತದೆ. ಇವೆಲ್ಲ ವರ್ಷವರ್ಷವೂ ಕಣ್ಣಿಗೆ ಬೀಳುವಂಥವು, ಏಣಿ ಹಾಕಿ ಸರಿಪಡಿಸಬಹುದಾದಂಥವು. ಬಾಡಿಗೆ ವಸೂಲಿ ಮಾಡಿದವರು ಏಣಿ ಹಾಕಲಿಲ್ಲ.

ಉಳಿಸಬಹುದೇ ಇಲ್ಲವೇ ಎಂಬ ತಜ್ಞರ ಭಿನ್ನಮತ ಹೈಕೋರ್ಟಿನವರೆಗೂ ಹೋಯಿತು. ಸಂರಕ್ಷಣೆಯಲ್ಲಿ ಪಳಗಿದವರೇ ದುರಸ್ತಿ ಸಾಧ್ಯ ಎಂದು ಹೇಳಿರುವಾಗ ನೆಲಸಮವೇ ಮೊದಲ ಆಯ್ಕೆ ಏಕಾಗಬೇಕು? ಕಾಂಕ್ರೀಟಿನ ಮೇಲೆ ಕಮಾನಿನ ಚಿತ್ತಾರ ಅಂಟಿಸಿದರೆ ಅದು ಪರಂಪರೆಯಲ್ಲ, ಪರಂಪರೆಯ ವೇಷ.

ಇನ್ನು ಮಾರುಕಟ್ಟೆಯೆಂದರೆ ಬರೀ ಗೋಡೆಯೂ ಅಲ್ಲವಲ್ಲ. ಎಂಟುನೂರರಷ್ಟು ಮಳಿಗೆಗಳು, ಮಲ್ಲಿಗೆಯ ಮೊಳ, ನಂಜನಗೂಡಿನ ರಸಬಾಳೆ, ಚಿಗುರು ವೀಳ್ಯದೆಲೆ, ಗೋಪುರದಂತೆ ಪೇರಿಸಿದ ಕುಂಕುಮ. ಹೂ ಕಟ್ಟುವವರನ್ನು ಒಮ್ಮೆ ಎಬ್ಬಿಸಿದರೆ, ಹೊಸ ಕಟ್ಟಡದ ಬಾಡಿಗೆಗೆ ಅವರು ಮರಳಿ ಬರುತ್ತಾರೆಂದು ಯಾರು ಖಾತ್ರಿ ಕೊಡುತ್ತಾರೆ?

ಮೊದಲು ಚಾವಣಿಯ ಸೋರಿಕೆ ನಿಲ್ಲಿಸಿ. ಅಪಾಯದ ಭಾಗಕ್ಕೆ ಇಂದೇ ಆಸರೆ ಕೊಟ್ಟು ಜನರನ್ನು ದೂರವಿಡಿ. ಬಳಿಕ ಸಾಲುಸಾಲಾಗಿ ಮಳಿಗೆ ತೆರವು ಮಾಡಿಸಿ, ಗಾರೆ ಕೆಲಸ ಬಲ್ಲವರ ಕೈಯಲ್ಲೇ ದುರಸ್ತಿ ಮಾಡಿಸಿ. ತೆರವಾಗುವ ಪ್ರತಿ ವ್ಯಾಪಾರಿಗೂ ಅದೇ ಮಳಿಗೆ ಮರಳಿ ಸಿಗುತ್ತದೆ ಎಂದು ಮೊದಲೇ ಬರೆದುಕೊಡಿ.