ಕ್ಯಾಲೆಂಡರಿನ ವಾರವೂ ನಮ್ಮ ವಾರವೂ

ಗೋಡೆಯ ಕ್ಯಾಲೆಂಡರನ್ನು ಅಚ್ಚಾದಂತೆಯೇ ಒಪ್ಪಬೇಕು. ಕಂಪ್ಯೂಟರಿನದನ್ನು ಹಾಗೆ ಒಪ್ಪಬೇಕಾದುದಿಲ್ಲ. ದುಡ್ಡಿಲ್ಲದೆ ದೊರೆಯುವ ಥಂಡರ್‌ಬರ್ಡ್ ಎಂಬ ತಂತ್ರಾಂಶವನ್ನೇ ನೋಡಿರಿ. 2020ರಿಂದ ಕ್ಯಾಲೆಂಡರು ಅದರ ಅಂಗವೇ ಆಗಿದೆ. ಅದು ಕೈಗೆ ಬರುವಾಗ ಕೆಲಸದ ವಾರವೆಂದರೆ ಸೋಮವಾರದಿಂದ ಶುಕ್ರವಾರ, ಕೆಲಸದ ಹೊತ್ತೆಂದರೆ ಬೆಳಿಗ್ಗೆ 8ರಿಂದ ಸಂಜೆ 5. ಇದು ಕಚೇರಿಯವರ ವಾರ. ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ನಮಗೆ ಭಾನುವಾರವೇ ಗಿರಾಕಿಗಳ ಜಾತ್ರೆ. ರಜೆ ಮಂಗಳವಾರವೋ ಬುಧವಾರವೋ.

ಸೆಟ್ಟಿಂಗ್ಸ್‌ನೊಳಗೆ ಹೋದರೆ ವಾರದ ಮೊದಲ ದಿನ, ಕೆಲಸದ ದಿನಗಳು, ದಿನದ ಆರಂಭ ಮುಕ್ತಾಯ ಎಲ್ಲವನ್ನೂ ಬದಲಿಸಬಹುದು. ಬಗೆಬಗೆಯ ನಮೂದುಗಳಿಗೆ ಬೇರೆ ಬೇರೆ ಬಣ್ಣ ಕೊಡಬಹುದು: ಪಾಳಿಗೆ ಹಸಿರು, ರಜೆಗೆ ಹಳದಿ, ಹೆಚ್ಚುವರಿ ದುಡಿಮೆಗೆ ಕೆಂಪು. ತಿಂಗಳ ಕೊನೆಗೆ ಕೆಂಪೆಷ್ಟೆಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಬಣ್ಣದಾಟವೆಂದು ನಗುವವರಿದ್ದಾರೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ತಾನು ಅನ್ವಯಿಸುವ ಕಡೆ ವಾರಕ್ಕೊಮ್ಮೆ ಎಡೆಬಿಡದೆ 24 ಗಂಟೆಗಳ ವಿಶ್ರಾಂತಿ, ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿ, ವರ್ಷಕ್ಕೆ ಸಂಬಳಸಹಿತ 8 ಹಬ್ಬದ ರಜೆಗಳನ್ನು ವಿಧಿಸಿದೆ. ಮೇ 1 ಅವುಗಳಲ್ಲೊಂದು. ಆದರೆ ಕೇಳಲು ಹೋದಾಗ ಮೊದಲ ಪ್ರಶ್ನೆ, "ಯಾವ ತಾರೀಖು, ಎಷ್ಟು ಗಂಟೆ?" ಮಾಲೀಕರ ಹಾಜರಿ ಪುಸ್ತಕದೊಡನೆ ತಾಳೆ ನೋಡಲು ನಮ್ಮ ಕೈಯಲ್ಲಿಯೂ ಲೆಕ್ಕವಿರಬೇಕು.

ಆದುದರಿಂದ ಸೋದರರೇ, ಕೋಣೆಗೊಬ್ಬ ಓದುಬರಹ ಬಲ್ಲವನು ಉಳಿದವರ ಪಾಳಿಯನ್ನೂ ಆಯಾ ದಿನವೇ ಬರೆದಿಡಲಿ. ತಿಂಗಳು ಕಳೆದ ಮೇಲೆ ನೆನಪಿನಿಂದ ಬರೆದ ಲೆಕ್ಕಕ್ಕೆ ಬೆಲೆ ಕಡಿಮೆ.