ಕ್ಯಾಂಪಸ್ ವೈ-ಫೈ: ಗುರುತು ತೋರಿಸಬೇಕಾದವರು ಯಾರು?

ಬೆಂಗಳೂರು: ನಾಗರಭಾವಿಯಿಂದ ಕೆಂಗೇರಿಯವರೆಗಿನ ಪ್ರದೇಶ ನಗರದ ದೊಡ್ಡ ವಿದ್ಯಾಕೇಂದ್ರಗಳಲ್ಲೊಂದು. ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯ, ಪಕ್ಕದಲ್ಲೇ ನ್ಯಾಷನಲ್ ಲಾ ಸ್ಕೂಲ್, ಮೈಸೂರು ರಸ್ತೆಯಲ್ಲಿ ಆರ್.ವಿ. ಎಂಜಿನಿಯರಿಂಗ್ ಕಾಲೇಜು. ಇಲ್ಲಿ ಓದುವವರ ಜೇಬಿನಲ್ಲೊಂದು ಫೋನು, ಚೀಲದಲ್ಲೊಂದು ಲ್ಯಾಪ್‌ಟಾಪ್ ಇರುವುದು ಸಾಮಾನ್ಯ. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶಾತಿ, ಪರೀಕ್ಷಾ ಅರ್ಜಿ, ಫಲಿತಾಂಶಗಳು ಯುಯುಸಿಎಂಎಸ್ ಜಾಲತಾಣಕ್ಕೆ ಬಂದ ಮೇಲೆ ವಿದ್ಯಾರ್ಥಿಯ ಪಾಸ್‌ವರ್ಡ್ ಅವನ ಅಂಕಪಟ್ಟಿಯಷ್ಟೇ ಬೆಲೆಯುಳ್ಳದ್ದಾಗಿದೆ.

ಅಹಮದಾಬಾದ್ ಸರಣಿ ಸ್ಫೋಟದ ಹೊಣೆ ಹೊತ್ತ ಇ-ಮೇಲ್ 2008ರ ಜುಲೈನಲ್ಲಿ ನವಿ ಮುಂಬೈ ನಿವಾಸಿಯೊಬ್ಬರ ವೈ-ಫೈ ಸಂಪರ್ಕವನ್ನು ಅವರಿಗೆ ತಿಳಿಯದಂತೆ ಬಳಸಿ ಹೊರಟಿತ್ತು. ದೂರಸಂಪರ್ಕ ಇಲಾಖೆ ಎಚ್ಚೆತ್ತು, ವೈ-ಫೈ ಬಳಸುವವರ ಗುರುತು ಪತ್ತೆಯಾಗುವಂತಿರಬೇಕೆಂದು 2009ರ ಫೆಬ್ರುವರಿಯಲ್ಲಿ ಸೂಚಿಸಿತು. ಸಂಸ್ಥೆಗಳು ತಮ್ಮ ಗಣಕ ವ್ಯವಸ್ಥೆಯ ದಾಖಲೆಗಳನ್ನು 180 ದಿನ ಕಾಯ್ದಿಡಬೇಕೆಂದು 2022ರ ಏಪ್ರಿಲ್‌ನಲ್ಲಿ ಸಿಇಆರ್‌ಟಿ-ಇನ್ ವಿಧಿಸಿತು. ಎರಡೂ ಅಗತ್ಯ ಕ್ರಮಗಳೇ. ಆದರೆ ಎರಡರ ಪ್ರಶ್ನೆಯೂ ಒಂದೇ: ಜಾಲಕ್ಕೆ ಬಂದವನು ಯಾರು? ಬಂದವನನ್ನು ಬರಮಾಡಿಕೊಂಡ ಜಾಲ ಯಾವುದು ಎಂಬುದನ್ನು ವಿದ್ಯಾರ್ಥಿಯ ಪರವಾಗಿ ಕೇಳುವವರಿಲ್ಲ.

ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಟ್ಟು ಸೂಚನಾ ಫಲಕಕ್ಕೆ ಅಂಟಿಸುವ ಪದ್ಧತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಾಲೇಜು ಬಿಟ್ಟವನ ಜತೆಗೆ ಕೀಲಿಕೈಯೂ ಹೊರಹೋಗುತ್ತದೆ. ಪ್ರತಿಯೊಬ್ಬರಿಗೂ ಪ್ರತ್ಯೇಕ ಹೆಸರು, ಪಾಸ್‌ವರ್ಡ್ ನೀಡುವ 802.1ಎಕ್ಸ್ ವ್ಯವಸ್ಥೆಯೇ ಮೇಲು. ತೊಡಕಿರುವುದೂ ಇಲ್ಲಿಯೇ. ಕ್ಯಾಂಪಸ್ ಜಾಲದ ಹೆಸರನ್ನೇ ಇಟ್ಟುಕೊಂಡ ನಕಲಿ ವೈ-ಫೈಯೊಂದನ್ನು ಪಕ್ಕದ ಚಹಾದಂಗಡಿಯಲ್ಲಿ ಕುಳಿತು ಯಾರು ಬೇಕಾದರೂ ಹರಡಬಹುದು. ಅಸಲಿ ಸರ್ವರ್ ತನ್ನ ಡಿಜಿಟಲ್ ಪ್ರಮಾಣಪತ್ರ ತೋರಿಸುತ್ತದೆ. ಫೋನು ಅದನ್ನು ಪರಿಶೀಲಿಸದಿದ್ದರೆ ನಕಲಿಯೂ ಅಸಲಿಯೇ. ಆಗ ಪಾಸ್‌ವರ್ಡ್ ನೇರವಾಗಿ, ಇಲ್ಲವೇ ಭೇದಿಸಬಹುದಾದ ರೂಪದಲ್ಲಿ ಅನ್ಯರ ಪಾಲಾಗುತ್ತದೆ. ಅದೇ ಪಾಸ್‌ವರ್ಡ್‌ನಿಂದ ಇ-ಮೇಲೂ ತೆರೆಯುವಂತಿದ್ದರೆ ನಷ್ಟ ವೈ-ಫೈಗೆ ಸೀಮಿತವಲ್ಲ.

‘ಪ್ರಮಾಣಪತ್ರ ಪರಿಶೀಲಿಸಬೇಡ’ ಎಂಬ ಆಯ್ಕೆಯನ್ನು ಒತ್ತುವಂತೆ ದೇಶ-ವಿದೇಶಗಳ ಕ್ಯಾಂಪಸ್‌ಗಳ ಕೈಪಿಡಿಗಳೇ ಬಹುಕಾಲ ಹೇಳಿಕೊಟ್ಟವೆಂಬುದು ವಿಪರ್ಯಾಸ. ದೂರುಗಳ ಕಾಟ ತಪ್ಪುತ್ತದಲ್ಲ! ಗೂಗಲ್ 2020ರ ಡಿಸೆಂಬರ್‌ನಲ್ಲಿ ತನ್ನ ಪಿಕ್ಸೆಲ್ ಫೋನುಗಳ ಆಂಡ್ರಾಯ್ಡ್ 11ರಿಂದ ಆ ಆಯ್ಕೆಯನ್ನೇ ಕಿತ್ತುಹಾಕಿದಾಗ ಅನೇಕ ವಿಶ್ವವಿದ್ಯಾಲಯಗಳು ಕೈಪಿಡಿ ತಿದ್ದಬೇಕಾಯಿತು.

ಯೂರೋಪಿನಲ್ಲಿ 2003ರಲ್ಲಿ ಹುಟ್ಟಿ, ಭಾರತದಲ್ಲಿ ಅರ್ನೆಟ್ ನಿರ್ವಹಿಸುತ್ತಿರುವ ‘ಎಡುರೋಮ್’ ವ್ಯವಸ್ಥೆಯಲ್ಲಿ ಸದಸ್ಯ ಸಂಸ್ಥೆಯ ವಿದ್ಯಾರ್ಥಿ ತನ್ನ ಕಾಲೇಜಿನ ಪಾಸ್‌ವರ್ಡ್‌ನಿಂದಲೇ ಮತ್ತೊಂದು ಸದಸ್ಯ ಸಂಸ್ಥೆಯಲ್ಲಿ ಸಂಪರ್ಕ ಪಡೆಯಬಹುದು. ಪಾಸ್‌ವರ್ಡ್ ಗೂಢಲಿಪಿಯಲ್ಲಿ ಅವನ ಮಾತೃಸಂಸ್ಥೆಗೇ ತಲುಪುತ್ತದೆ, ನಡುವಿನವರಿಗೆ ಕಾಣದು. ಆದರೆ ಪ್ರಮಾಣಪತ್ರದ ಪರಿಶೀಲನೆ ತಪ್ಪಿದರೆ ಈ ರಕ್ಷಣೆಯೂ ಕುಸಿಯುತ್ತದೆ.

ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ. ಪ್ರವೇಶಾತಿಯ ದಿನ ಕೊಡುವ ಹಾಳೆಯಲ್ಲಿ ಕನ್ನಡದ ಎರಡು ಸಾಲು ಸಾಕು: ಫೋನಿನಲ್ಲಿ ನಮೂದಿಸಬೇಕಾದ ಸರ್ವರ್‌ನ ಹೆಸರು, ಮತ್ತು ಪ್ರಮಾಣಪತ್ರದ ಎಚ್ಚರಿಕೆ ಕಂಡರೆ ಮುಂದುವರಿಯದೆ ಹೋಗಿ ವಿಚಾರಿಸಬೇಕಾದ ಕೊಠಡಿಯ ಸಂಖ್ಯೆ.