ಹೊಗೆ, ಬೆಂಕಿ ಮತ್ತು ಸಂಶಯ

ಅಪರಾಧ ಪ್ರಕರಣವೊಂದರಲ್ಲಿ ಯಾರದಾದರೂ ಹೆಸರು ಕೇಳಿಬಂದ ಕೂಡಲೇ ನಮ್ಮ ಸಮಾಜ ಗಾದೆಯೊಂದನ್ನು ಹೇಳಿ ತೀರ್ಪು ನೀಡಿಬಿಡುತ್ತದೆ: ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ. ಆ ಬಳಿಕ ತನಿಖೆ, ಸಾಕ್ಷ್ಯ, ವಿಚಾರಣೆಗಳೆಲ್ಲ ಕೇವಲ ಔಪಚಾರಿಕತೆಯಾಗಿ ಉಳಿಯುತ್ತವೆ. ವಾಸ್ತವದಲ್ಲಿ ಈ ಗಾದೆಯಲ್ಲಿ ತಪ್ಪಿಲ್ಲ. ನಾವು ಅದನ್ನು ಬಳಸುವ ರೀತಿಯಲ್ಲಿ ತಪ್ಪಿದೆ.

ಹೊಗೆ ಮತ್ತು ಬೆಂಕಿಯ ಈ ಉದಾಹರಣೆ ಭಾರತೀಯ ನ್ಯಾಯದರ್ಶನದಷ್ಟೇ ಹಳೆಯದು. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ ಎಂಬ ನಿಯತ ಸಂಬಂಧವನ್ನು ನೈಯಾಯಿಕರು ವ್ಯಾಪ್ತಿ ಎಂದು ಕರೆದರು. ಅದರ ಜೊತೆಗೇ ಅವರು ಒಂದು ಎಚ್ಚರಿಕೆಯನ್ನೂ ನೀಡಿದರು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕೆಂದಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಮಾತ್ರವಲ್ಲ, ದೂರದಿಂದ ಕಂಡದ್ದು ಹೊಗೆಯೋ ಮಂಜೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಅಂದರೆ ವಾದವೊಂದನ್ನು ಒಪ್ಪುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಆಧಾರವಾಗಿ ಹೇಳಿದ ಸಂಗತಿ ನಿಜವೇ? ಆ ಸಂಗತಿಯಿಂದ ಈ ತೀರ್ಮಾನ ನಿಜಕ್ಕೂ ಹೊರಡುತ್ತದೆಯೇ?

ಎರಡನೆಯ ಪ್ರಶ್ನೆಯಲ್ಲೇ ಹೆಚ್ಚಿನವರು ಎಡವುತ್ತಾರೆ. 'ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ' ಎಂಬ ಮಾತನ್ನೇ ತೆಗೆದುಕೊಳ್ಳೋಣ. ಮಳೆ ಬಂದಿದೆ, ಆದ್ದರಿಂದ ಅಂಗಳ ಒದ್ದೆಯಾಗಿದೆ ಎನ್ನುವುದು ಸರಿ. ಅಂಗಳ ಒದ್ದೆಯಾಗಿಲ್ಲ, ಆದ್ದರಿಂದ ಮಳೆ ಬಂದಿಲ್ಲ ಎನ್ನುವುದೂ ಸರಿ. ಆದರೆ ಅಂಗಳ ಒದ್ದೆಯಾಗಿದೆ, ಆದ್ದರಿಂದ ಮಳೆ ಬಂದಿದೆ ಎನ್ನುವುದು ತಪ್ಪು. ಯಾರೋ ನೀರು ಚಿಮುಕಿಸಿರಬಹುದು. ಮಳೆ ಬಂದಿಲ್ಲ, ಆದ್ದರಿಂದ ಅಂಗಳ ಒದ್ದೆಯಾಗಿಲ್ಲ ಎನ್ನುವುದೂ ಅಷ್ಟೇ ತಪ್ಪು. ಅಂಗಳದ ವಿಷಯದಲ್ಲಿ ಈ ತಪ್ಪು ಮಗುವಿಗೂ ತಿಳಿಯುತ್ತದೆ. ಅಂಗಳದ ಜಾಗದಲ್ಲಿ ಒಬ್ಬ ಮನುಷ್ಯನನ್ನು, ಮಳೆಯ ಜಾಗದಲ್ಲಿ ಅಪರಾಧವನ್ನು ಇಟ್ಟಾಗ ಬುದ್ಧಿವಂತರಿಗೂ ತಿಳಿಯುವುದಿಲ್ಲ.

ಕರ್ನಾಟಕದ ವೈದ್ಯ ಡಾ. ಮುಹಮ್ಮದ್ ಹನೀಫ್ ಅವರ ಪ್ರಕರಣ ಇದಕ್ಕೆ ಸಾಕ್ಷಿ. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಮೇಲೆ ದಾಳಿ ನಡೆಯಿತು. ಎರಡೇ ದಿನಗಳಲ್ಲಿ, ಜುಲೈ 2ರಂದು, ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹನೀಫ್ ಅವರನ್ನು ಬಂಧಿಸಲಾಯಿತು. ಅವರು ಹಿಂದಿನ ವರ್ಷ ಬ್ರಿಟನ್ ಬಿಡುವಾಗ ತನ್ನ ಮೊಬೈಲ್ ಸಿಮ್ ಕಾರ್ಡನ್ನು ಬಂಧುವೊಬ್ಬನಿಗೆ ಕೊಟ್ಟಿದ್ದರು. ಆತ ದಾಳಿಕೋರನೊಬ್ಬನ ಸಹೋದರ. ಹನೀಫ್ ಒಮ್ಮುಖ ಟಿಕೆಟಿನಲ್ಲಿ ಭಾರತಕ್ಕೆ ಹೊರಟಿದ್ದರು. ಉಗ್ರರ ಸಹಾಯಕನಾಗಿದ್ದರೆ ಸಿಮ್ ಕೊಡುತ್ತಿದ್ದ; ಸಿಮ್ ಕೊಟ್ಟಿದ್ದಾನೆ; ಆದ್ದರಿಂದ ಸಹಾಯಕ. ಅಪರಾಧಿಯಾಗಿದ್ದರೆ ದೇಶ ಬಿಡುತ್ತಿದ್ದ, ದೇಶ ಬಿಡುತ್ತಿದ್ದಾನೆ, ಆದ್ದರಿಂದ ಅಪರಾಧಿ. ಒದ್ದೆಯಾದ ಅಂಗಳವನ್ನು ಕಂಡು ಮಳೆ ಬಂದಿದೆ ಎಂದವರ ತರ್ಕಕ್ಕೂ ಇದಕ್ಕೂ ಏನು ವ್ಯತ್ಯಾಸ? ಬಂಧುಗಳ ನಡುವೆ ಸಿಮ್ ಕೈಬದಲಾಗಲು ಸಾವಿರ ಕಾರಣಗಳಿರುತ್ತವೆ. ಬೆಂಗಳೂರಿನಲ್ಲಿ ಅವರ ಪತ್ನಿ ಆಗಷ್ಟೇ ಹೆಣ್ಣುಮಗುವಿಗೆ ಜನ್ಮ ನೀಡಿದ್ದರು.

ಇನ್ನು ಮೊದಲ ಪ್ರಶ್ನೆಯಲ್ಲೂ ವಾದ ಸೋತಿತು. ಆ ಸಿಮ್ ಗ್ಲಾಸ್ಗೋದಲ್ಲಿ ಹೊತ್ತಿ ಉರಿದ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯದಲ್ಲಿ ಹೇಳಲಾಗಿತ್ತು. ಅದು ವಾಸ್ತವದಲ್ಲಿ ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ. ಹೊಗೆ ಎಂದು ಹೇಳಿದ್ದು ಮಂಜಾಗಿತ್ತು. ಜುಲೈ 27ರಂದು ಆರೋಪವನ್ನು ಹಿಂದೆಗೆದುಕೊಳ್ಳಲಾಯಿತು. ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ಅವರ ವಿಚಾರಣಾ ವರದಿ 2008ರ ಡಿಸೆಂಬರಿನಲ್ಲಿ ಹೊರಬಂದಾಗ, ಆರೋಪ ಹೊರಿಸಲು ತಕ್ಕ ಸಾಕ್ಷ್ಯವೇ ಇರಲಿಲ್ಲವೆಂಬುದು ಸ್ಪಷ್ಟವಾಯಿತು. 2010ರಲ್ಲಿ ಆಸ್ಟ್ರೇಲಿಯಾ ಸರಕಾರ ಅವರಿಗೆ ಪರಿಹಾರ ನೀಡಿತು. ಆ ನಡುವೆ ಒಬ್ಬ ವೈದ್ಯನ ಹೆಸರು ಜಗತ್ತಿನ ಪತ್ರಿಕೆಗಳಲ್ಲಿ ಉಗ್ರರ ಪಟ್ಟಿಗೆ ಸೇರಿಹೋಗಿತ್ತು.

ಇದು ಒಂದು ದೇಶದ ಅಥವಾ ಒಂದು ಇಲಾಖೆಯ ದೌರ್ಬಲ್ಯ ಮಾತ್ರವಲ್ಲ. ಬ್ರಿಟಿಷ್ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ಒಂದು ಸರಳ ಪರೀಕ್ಷೆಯನ್ನು ಮುಂದಿಟ್ಟರು. ಮೇಜಿನ ಮೇಲೆ ನಾಲ್ಕು ಕಾರ್ಡುಗಳು. ಪ್ರತಿಯೊಂದರ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದು ಬದಿಯಲ್ಲಿ ಸಂಖ್ಯೆ. ಮೇಲ್ಮುಖವಾಗಿ ಕಾಣುವುದು ಒಂದು ಸ್ವರ, ಒಂದು ವ್ಯಂಜನ, ಒಂದು ಸಮಸಂಖ್ಯೆ, ಒಂದು ಬೆಸಸಂಖ್ಯೆ. 'ಒಂದು ಬದಿಯಲ್ಲಿ ಸ್ವರವಿದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ ಇರುತ್ತದೆ' ಎಂಬ ನಿಯಮ ನಿಜವೇ ಎಂದು ತಿಳಿಯಲು ಯಾವ ಕಾರ್ಡುಗಳನ್ನು ಮಗುಚಬೇಕು? ಸ್ವರವನ್ನೂ ಬೆಸಸಂಖ್ಯೆಯನ್ನೂ ಮಗುಚಬೇಕು. ಹೆಚ್ಚಿನವರು ಬೆಸಸಂಖ್ಯೆಯನ್ನು ಮುಟ್ಟುವುದೇ ಇಲ್ಲ, ಸಮಸಂಖ್ಯೆಯನ್ನು ಮಗುಚುತ್ತಾರೆ. ತನ್ನ ನಂಬಿಕೆಯನ್ನು ಸಮರ್ಥಿಸಬಲ್ಲ ಕಾರ್ಡನ್ನು ಹುಡುಕುವುದು, ಅದನ್ನು ಸುಳ್ಳಾಗಿಸಬಲ್ಲ ಕಾರ್ಡನ್ನು ಹಾಗೆಯೇ ಬಿಡುವುದು ಮನುಷ್ಯನ ಸಾಮಾನ್ಯ ಪ್ರವೃತ್ತಿ. ಪೂರ್ವಗ್ರಹಕ್ಕೆ ಇದಕ್ಕಿಂತ ಒಳ್ಳೆಯ ಆಹಾರ ಇನ್ನೇನು ಬೇಕು?

ಹಾಗೆಂದು ಈ ಅಳತೆಗೋಲನ್ನು ಇತರರ ಕಡೆಗೆ ಮಾತ್ರ ಹಿಡಿದು ಕೂರುವುದು ನ್ಯಾಯವಲ್ಲ. ಹನೀಫ್ ನಿರಪರಾಧಿ, ಆದ್ದರಿಂದ ಬಂಧಿತರೆಲ್ಲರೂ ನಿರಪರಾಧಿಗಳು ಎಂದು ಹೇಳಲು ತರ್ಕ ನಮಗೂ ಅನುಮತಿ ನೀಡುವುದಿಲ್ಲ. ಪ್ರತಿಯೊಂದು ಪ್ರಕರಣವೂ ಅದರದೇ ಸಾಕ್ಷ್ಯದ ಮೇಲೆ ನಿಲ್ಲಬೇಕು. ಇನ್ನು ಸಮುದಾಯದ ಒಳಗೆ ನಡೆಯುವ ಮಾತುಗಳನ್ನು ಗಮನಿಸಿರಿ. ನಮ್ಮ ವಿರೋಧಿಗಳು ನಮ್ಮನ್ನು ಟೀಕಿಸುತ್ತಾರೆ. ಈತ ವರದಕ್ಷಿಣೆಯನ್ನು, ದುಂದುವೆಚ್ಚದ ಮದುವೆಯನ್ನು ಟೀಕಿಸುತ್ತಿದ್ದಾನೆ. ಆದ್ದರಿಂದ ಈತ ವಿರೋಧಿಗಳ ಕೈಗೊಂಬೆ. ಸುಧಾರಣೆಯ ಮಾತಾಡಿದ ಎಷ್ಟು ಮಂದಿಯ ಬಾಯಿಯನ್ನು ಈ ಒಂದು ವಾದ ಮುಚ್ಚಿಸಿಲ್ಲ? ಇನ್ನೊಂದು ವಾದ ಇದಕ್ಕಿಂತಲೂ ದುಬಾರಿ. ನೌಕರಿ ಮಾಡುವುದಿದ್ದರೆ ಓದಬೇಕು. ನಮ್ಮ ಮಗಳು ನೌಕರಿ ಮಾಡುವುದಿಲ್ಲ. ಆದ್ದರಿಂದ ಅವಳಿಗೆ ಓದು ಬೇಡ. ಮಳೆ ಬಂದಿಲ್ಲ, ಆದ್ದರಿಂದ ಅಂಗಳ ಒಣಗಿದೆ ಎಂಬ ತಪ್ಪೇ ಇದು. ಓದಿಗೆ ನೌಕರಿ ಒಂದು ಕಾರಣವೇ ಹೊರತು ಏಕೈಕ ಕಾರಣವಲ್ಲ. ಮಗುವಿನ ಔಷಧಿಯ ಚೀಟಿ ಓದಲು, ಸಹಿ ಹಾಕುವ ಮುನ್ನ ಪತ್ರವನ್ನು ಅರ್ಥಮಾಡಿಕೊಳ್ಳಲು, ಆಪತ್ತಿನಲ್ಲಿ ತನ್ನ ಕಾಲ ಮೇಲೆ ನಿಲ್ಲಲು ಓದು ಬೇಡವೇ?

ತರ್ಕ ಈ ಸಮುದಾಯಕ್ಕೆ ಪರಕೀಯ ವಿದ್ಯೆಯೇನಲ್ಲ. ಇಮಾಮ್ ಗಝಾಲಿಯವರು (1058-1111) ಧರ್ಮಶಾಸ್ತ್ರದ ಮೂಲತತ್ವಗಳ ಕುರಿತ ತಮ್ಮ ಗ್ರಂಥ 'ಅಲ್ ಮುಸ್ತಸ್ಫಾ'ಕ್ಕೆ ತರ್ಕಶಾಸ್ತ್ರವನ್ನೇ ಪೀಠಿಕೆಯಾಗಿ ಬರೆದರು. ಉಪಖಂಡದ ಮದ್ರಸಗಳ ದರ್ಸೆ ನಿಝಾಮಿ ಪಠ್ಯಕ್ರಮದಲ್ಲಿ ಮಂತಿಕ್‌ಗೆ, ಅಂದರೆ ತರ್ಕಕ್ಕೆ, ಶತಮಾನಗಳಿಂದ ಸ್ಥಾನವಿದೆ. ಆದರೆ ಪಾಠವಾಗಿ ಕಲಿತದ್ದು ಮಾತಿನಲ್ಲೂ ತೀರ್ಮಾನದಲ್ಲೂ ಕಾಣಿಸಿಕೊಳ್ಳದಿದ್ದರೆ ಆ ಕಲಿಕೆಯಿಂದ ಏನು ಪ್ರಯೋಜನ? ಮನೆಯ ಊಟದ ಹೊತ್ತಿನಲ್ಲಿ, ಜಮಾಅತಿನ ಸಭೆಯಲ್ಲಿ, ತರಗತಿಯ ಕೋಣೆಯಲ್ಲಿ 'ಹಾಗಾದರೆ ಹೀಗೆ' ಎಂದು ಯಾರಾದರೂ ಹೇಳಿದಾಗ 'ಹೀಗಾಗಲು ಬೇರೆ ಕಾರಣವಿರಬಾರದೇ?' ಎಂದು ಕೇಳುವ ಧೈರ್ಯವನ್ನು ನಮ್ಮ ಮಕ್ಕಳಲ್ಲಿ ಬೆಳೆಸಬೇಕಾಗಿದೆ. ನಮ್ಮ ಮೇಲೆ ಸಂಶಯಪಡುವವರಿಂದ ನಾವು ಬಯಸುವುದು ಇದೊಂದೇ ಪ್ರಶ್ನೆಯನ್ನು. ಅದನ್ನು ಇತರರಿಂದ ನಿರೀಕ್ಷಿಸುವವರು ಮೊದಲು ತಮ್ಮಲ್ಲಿ ರೂಢಿಸಿಕೊಳ್ಳಬೇಕು.